ಹಿಂಬದಿಯ ಬಾಲ್ಕನಿ

ಹಡಗಿನ ಹಿಂಬದಿಯ ಕೋಣೆ ಬೇಡವೇ ಬೇಡ ಎಂದು ರೋನಾ ಮೊದಲ ದಿನವೇ ಹೇಳಿದ್ದಳು.

ಬಂದರಿನ ಊರಾದ ಗ್ರೀನಕ್ಕಿನ ಅವರ ಮನೆಯ ಅಡುಗೆಮನೆಯಲ್ಲಿ ಮಗಳು ಐಲೀನ್ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ಯಾರೋ ಪ್ರವಾಸಿಗರು ಬರೆದಿದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. "ಒಳ್ಳೇದು ಏನಪ್ಪಾ ಅಂದ್ರೆ ಬಾಲ್ಕನಿ ದೊಡ್ಡದು. ಎದುರುಗಾಳಿ ಹೊಡೆಯಲ್ಲ. ಹಡಗು ಸೀಳ್ಕೊಂಡು ಬಂದ ನೀರು ಹಿಂದೆ ಬೆಳ್ಳಗೆ ಹರಡ್ಕೊಂಡು ಹೋಗೋದು ಪೂರ್ತಿ ಕಾಣುತ್ತೆ. ಈಗ ಕೆಟ್ಟದ್ದು ಕೇಳು. ಎಂಜಿನ್ ಅದುರೋದು ಮಂಚದ ತನಕ ಬರುತ್ತೆ. ಹೊಗೆ ಕೊಳವೆಯ ಮಸಿ ಕುರ್ಚಿ ಮೇಲೆಲ್ಲ ಬೀಳುತ್ತಂತೆ. ಲಿಫ್ಟಿನಿಂದ ಸಿಕ್ಕಾಪಟ್ಟೆ ನಡೀಬೇಕು. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿರ್ತಾರಲ್ಲ, ಮೇಲಿನವರಿಗೆ ನಮ್ಮ ಬಾಲ್ಕನಿ ಕಾಣುತ್ತೆ, ನಮ್ಮ ಮಾತೂ ಕೇಳಿಸುತ್ತೆ."

"ಸಾಕು ಬಿಡು," ಎಂದಳು ರೋನಾ. "ಉಸಿರೆಳೆಯೋಕೇ ಒದ್ದಾಡೋ ಮನುಷ್ಯನಿಗೆ ಮಸಿ ಒಂದು ಕಮ್ಮಿ ಆಗಿತ್ತು. ನಡುಭಾಗದಲ್ಲಿ, ಲಿಫ್ಟ್ ಪಕ್ಕದಲ್ಲಿ ಯಾವುದಾದ್ರೂ ಇದ್ಯಾ ನೋಡು."

ಕಿಟಕಿಯ ಪಕ್ಕದ ಕುರ್ಚಿಯಿಂದ ರೋನಾಳ ಗಂಡ ಡೂಗಲ್ ಮಾತಾಡಿದ. ಅವನ ಮಾತು ಈಗ ತುಂಡು ತುಂಡಾಗಿ ಬರುತ್ತಿತ್ತು, ಎರಡು ತುಂಡುಗಳ ನಡುವೆ ಒಂದು ಉಸಿರು. "ಹಿಂದಿನದೇ ಇರಲಿ. ಇಲ್ಲಾಂದ್ರೆ ಬೇಡ. ತಾಯಿ ಮಗಳು ಹೋಗಿ ಬನ್ನಿ."

"ಯಾಕಪ್ಪಾ ಈ ಹಠ?"

"ಮೂವತ್ತಾರು ವರ್ಷ ಹಡಗಿನ ಹೊಟ್ಟೆ ಒಳಗಿದ್ದೆ. ಹಡಗು ಹೋದ ದಾರೀನ ಕೂತು ನೋಡಿಲ್ಲ ನಾನು. ಒಂದು ಸಲ ನೋಡ್ತೀನಿ."

ಆ ಮಾತಿಗೆ ಅಮ್ಮ ಮಗಳಿಬ್ಬರೂ ಸೋತರು. ಡೂಗಲ್ ಗಿಲ್‌ಕ್ರಿಸ್ಟ್ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದವನು. ಆ ಕಾಲದಲ್ಲಿ ಬಿಸಿ ಕೊಳವೆಗಳಿಗೆಲ್ಲ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸುತ್ತುತ್ತಿದ್ದರು. ಬರಿಗೈಯಲ್ಲಿ ಅದನ್ನು ಕಿತ್ತು, ಮತ್ತೆ ಸುತ್ತಿ, ಅದರ ಧೂಳನ್ನು ಹಿಟ್ಟಿನ ಧೂಳಿನ ಹಾಗೆ ಕೊಡವಿಕೊಂಡು ಊಟಕ್ಕೆ ಕೂರುತ್ತಿದ್ದರು. ಆ ಧೂಳು ನಲವತ್ತು ವರ್ಷ ಅವನ ಎದೆಯೊಳಗೆ ಸುಮ್ಮನೆ ಕೂತಿದ್ದು ಈಗ ಎದ್ದಿತ್ತು. ಕ್ರಿಸ್‌ಮಸ್ ನೋಡುವುದು ಕಷ್ಟ ಎಂದು ವಸಂತದಲ್ಲೇ ಡಾಕ್ಟರು ಹೇಳಿಬಿಟ್ಟಿದ್ದರು. ಸಾಯುವ ಮನುಷ್ಯ ಒಂದು ಕೋಣೆ ಕೇಳಿದರೆ ಇಲ್ಲ ಎನ್ನುವುದು ಹೇಗೆ? ಐಲೀನ್ ಎಂಟನೇ ಅಂತಸ್ತಿನಲ್ಲಿ, ಹಡಗಿನ ಕಟ್ಟಕಡೆಯ ಕೋಣೆ ಹಿಡಿದಳು. ಗ್ರೀನಕ್ಕಿನಿಂದ ಹೊರಟು ಬಿಸ್ಕೆ ಕೊಲ್ಲಿ ದಾಟಿ, ವೀಗೊ, ಲಿಸ್ಬನ್ ಮುಟ್ಟಿ ವಾಪಸು. ಒಂಬತ್ತು ದಿನ.

ಬಿಸ್ಕೆ ಎಂದ ಕೂಡಲೇ ರೋನಾಳಿಗೆ ತಮ್ಮನ ನೆನಪಾಗಿತ್ತು. ಡೂಗಲನಿಗೂ ಆಗಿರಲೇಬೇಕು. ಇಬ್ಬರೂ ಬಾಯಿ ಬಿಡಲಿಲ್ಲ.

ಅವಳ ತಮ್ಮ ಫರ್ಗಸ್ ಇಪ್ಪತ್ತೆರಡನೇ ವಯಸ್ಸಿಗೇ ಹೋದವನು. ಡೂಗಲನೇ ಶಿಫಾರಸು ಮಾಡಿ ತನ್ನ ಹಡಗಿನ ಎಂಜಿನ್ ಕೋಣೆಗೆ ಸೇರಿಸಿಕೊಂಡಿದ್ದ. ಎರಡನೇ ಪ್ರಯಾಣದಲ್ಲಿ, ಎಪ್ಪತ್ತೆಂಟರ ಅಕ್ಟೋಬರಿನಲ್ಲಿ, ಬಿಸ್ಕೆ ಕೊಲ್ಲಿಯಲ್ಲಿ ಹಿಂಬದಿಯ ಡೆಕ್ಕಿನಿಂದ ಅಲೆಗೆ ಸಿಕ್ಕಿ ಹೋದ. ಡೂಗಲ್ ಕಣ್ಣಾರೆ ಕಂಡು ಓಡಿಹೋಗಿ ಕೂಗಿದನಂತೆ, ಹಡಗನ್ನು ತಿರುಗಿಸಿ ಕತ್ತಲಾಗುವ ತನಕ ಹುಡುಕಿದರಂತೆ. ಹೆಣ ಸಿಗಲಿಲ್ಲ. ರೋನಾಳ ಅಮ್ಮ ಬದುಕಿದ್ದ ಇನ್ನು ಹದಿನೇಳು ವರ್ಷವೂ ಅಳಿಯ ಬಂದಾಗಲೆಲ್ಲ ಅವನ ಎರಡೂ ಕೈ ಹಿಡಿದುಕೊಳ್ಳುತ್ತಿದ್ದಳು. "ನೀನಿದ್ದೆಯಲ್ಲಪ್ಪ, ಒಂದು ನಿಮಿಷ ತಡ ಮಾಡದೆ ಕೂಗಿದೆಯಲ್ಲ, ಅಷ್ಟೇ ನನಗೆ ಸಮಾಧಾನ," ಎನ್ನುತ್ತಿದ್ದಳು. ಫರ್ಗಸ್ ಮದುವೆಯಾಗಬೇಕಿದ್ದ ಹುಡುಗಿ ಮೊರ್ವೆನ್ ಆಮೇಲೆ ಯಾರನ್ನೂ ಮದುವೆಯಾಗಲಿಲ್ಲ. ಅವಳಿಗೂ ಈಗ ಅರವತ್ತು ದಾಟಿದೆ. ಪ್ರತಿವರ್ಷ ಅಕ್ಟೋಬರ್ ಹತ್ತೊಂಬತ್ತಕ್ಕೆ ಅವಳೂ ರೋನಾಳೂ ಪಕ್ಕದ ಊರು ಗೂರಕ್ಕಿನ ದಡದಲ್ಲಿ ನಿಂತು ನೀರಿಗೆ ಹೂವು ಹಾಕುತ್ತಿದ್ದರು. ಡೂಗಲ್ ಒಮ್ಮೆಯೂ ಜೊತೆಗೆ ಬಂದವನಲ್ಲ. ಊರಲ್ಲಿ ಇದ್ದರೂ ಆ ದಿನ ಅವನಿಗೆ ಏನಾದರೊಂದು ಕೆಲಸ ಬೀಳುತ್ತಿತ್ತು. ಅವನ ದುಃಖ ಹಾಗೆ ಎಂದು ರೋನಾ ಅರ್ಥ ಮಾಡಿಕೊಂಡಿದ್ದಳು.

ಗಂಡ ಹೆಂಡತಿ ಇಬ್ಬರೇ ಹಡಗು ಹತ್ತಿದರು. ಹತ್ತಿದ ಮೇಲೆ ಐಲೀನ್ ಓದಿದ್ದ ಪ್ರತಿಯೊಂದೂ ನಿಜವಾಯಿತು. ಲಿಫ್ಟಿನಿಂದ ಕೋಣೆಗೆ ಹೋಗುವಷ್ಟರಲ್ಲಿ ಡೂಗಲ್ ನಾಲ್ಕು ಸಲ ಗೋಡೆ ಹಿಡಿದು ನಿಂತ. ಒಳಗೆ ಗ್ಲಾಸಿನ ನೀರು ನಿಂತಲ್ಲೇ ನಡುಗುತ್ತಿತ್ತು. ಬೀರುವಿನೊಳಗೆ ಕೋಟಿನ ಹ್ಯಾಂಗರುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ರೋನಾ ಅವುಗಳ ನಡುವೆ ಕಾಲುಚೀಲ ತುರುಕಿದಳು, ಹಲ್ಲುಜ್ಜುವ ಲೋಟದ ಕೆಳಗೆ ಟವೆಲ್ ಹಾಸಿದಳು, ಆದರೂ ಅದುರುವುದು ದಿಂಬಿನಿಂದ ದವಡೆಗೆ ಬಂತು. ಡೂಗಲ್ ಮಾತ್ರ ಎಷ್ಟೋ ತಿಂಗಳ ಮೇಲೆ ಮಗುವಿನ ಹಾಗೆ ನಿದ್ದೆ ಮಾಡಿದ.

"ಇದು ಎಡಗಡೆ ಎಂಜಿನ್," ಎಂದ ಬೆಳಿಗ್ಗೆ, ಅಂಗೈಯನ್ನು ಗೋಡೆಗೆ ಒತ್ತಿ. "ಅದರ ಬೇರಿಂಗ್ ಸವೆದಿದೆ. ಕೇಳಿಸ್ತಾ?"

"ನನಗೆ ನನ್ನ ಹಲ್ಲು ಕಟಕಟ ಅನ್ನೋದು ಕೇಳಿಸ್ತಿದೆ. ಏಳು, ಗಂಜಿ ಕುಡಿ."

ಕೋಣೆ ನೋಡಿಕೊಳ್ಳುತ್ತಿದ್ದವನು ವಯಾನ್ ಎಂಬ ಬಾಲಿ ದ್ವೀಪದವನು, ನಲವತ್ತೈದರ ಸುಮಾರು. ದಿನಕ್ಕೆ ಮೂರು ಸಲ ಬಂದು ಬಾಲ್ಕನಿಯ ಕುರ್ಚಿಗಳ ಮೇಲಿನ ಮಸಿ ಒರೆಸುತ್ತಿದ್ದ. "ಸರ್ ಒಳಗೇ ಕೂತ್ರೆ ಒಳ್ಳೇದು ಮೇಡಂ," ಎಂದು ಮೆಲ್ಲಗೆ ಹೇಳಿದ್ದ. ಡೂಗಲ್ ಕೇಳಬೇಕಲ್ಲ. ಆಮ್ಲಜನಕದ ಯಂತ್ರವನ್ನು ಹೊಸ್ತಿಲ ಬಳಿ ಇಟ್ಟು, ಅದರ ನಳಿಕೆ ಮೂಗಿಗೆ ಸಿಕ್ಕಿಸಿಕೊಂಡು, ಕಂಬಳಿ ಹೊದ್ದು ಇಡೀ ದಿನ ಹೊರಗೇ ಕೂತು ಬಿಳಿ ಜಾಡನ್ನು ನೋಡುತ್ತಿದ್ದ. ಸಂತೋಷಕ್ಕೆ ನೋಡುವವರು ಹಾಗೆ ನೋಡುವುದಿಲ್ಲ. ಬಸ್ಸಿಗೆ ಕಾಯುವವರ ಹಾಗೆ ನೋಡುತ್ತಿದ್ದ.

ಮೂರನೇ ದಿನ ಹಡಗು ಬಿಸ್ಕೆ ಕೊಲ್ಲಿಯ ನಡುವೆ ಇತ್ತು. ಮಧ್ಯಾಹ್ನದ ಊಟ ಮುಗಿದಿತ್ತು. ಸಣ್ಣ ಬಿಸಿಲಿತ್ತು, ಕಡಲು ಬೂದುಬಣ್ಣಕ್ಕೆ ಉಬ್ಬಿ ಇಳಿಯುತ್ತಿತ್ತು. ಮೇಲಿನ ಬಾಲ್ಕನಿಯಲ್ಲಿ ಲೀಡ್ಸ್ ಕಡೆಯ ನಾಲ್ಕೈದು ಜನ ಇಸ್ಪೀಟು ಆಡುತ್ತ ಗದ್ದಲ ಹಾಕಿಕೊಂಡಿದ್ದರು. ಇದ್ದಕ್ಕಿದ್ದಂತೆ ಅಲ್ಲೊಬ್ಬ ಹೆಂಗಸು ಕಿರುಚಿಕೊಂಡಳು. ಅವಳ ಹುಲ್ಲಿನ ಟೋಪಿ ಗಾಳಿಗೆ ಎದ್ದು, ಇವರ ಕಣ್ಣ ಮುಂದೆಯೇ ತಿರುತಿರುಗಿ ಇಳಿದು ಬಿಳಿ ನೊರೆಗೆ ಬಿತ್ತು.

"ಹೋಯ್ತು ನಿನ್ನ ಟೋಪಿ, ಸ್ಪೇನಿಗೆ ಹೋಯ್ತು!" ಎಂದು ಮೇಲೆ ಯಾರೋ ನಕ್ಕರು.

ರೋನಾಳಿಗೂ ನಗು ಬಂತು. ತಿರುಗಿ ನೋಡಿದರೆ ಡೂಗಲ್ ಕೈಗಡಿಯಾರ ನೋಡುತ್ತಿದ್ದ. ಟೋಪಿ ಒಮ್ಮೆ ಕಂಡಿತು, ಅಲೆಯ ಹಿಂದೆ ಮರೆಯಾಯಿತು, ಮತ್ತೆ ಒಂದು ಚುಕ್ಕೆಯ ಹಾಗೆ ಕಂಡಿತು, ಆಮೇಲೆ ಇಲ್ಲ.

"ಎರಡು ನಿಮಿಷ ಆಗಲಿಲ್ಲ," ಎಂದ ಡೂಗಲ್. "ಬಿಸಿಲಿದೆ. ಕಡಲು ಇಷ್ಟು ಸುಮ್ಮನಿದೆ. ಆದ್ರೂ ಎರಡು ನಿಮಿಷಾನೂ ಕಾಣಲಿಲ್ಲ."

"ಏನು ಲೆಕ್ಕ ಅದು?"

"ರೋನಾ, ಬಾ. ಇಲ್ಲಿ ಕೂತ್ಕೋ. ಹತ್ತಿರ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಅವನು ಅವಳ ಮುಖ ನೋಡಲಿಲ್ಲ. ನೀರನ್ನೇ ನೋಡುತ್ತ ಹೇಳಿದ.

"ಫರ್ಗಸ್ ಬಿದ್ದಿದ್ದು ನಾನು ನೋಡಲಿಲ್ಲ ಹುಡುಗಿ."

ಅವಳನ್ನು ಅವನು ಈಗಲೂ ಹುಡುಗಿ ಎಂದೇ ಕರೆಯುತ್ತಿದ್ದ. ರೋನಾಳಿಗೆ ಮೊದಲು ಮಾತು ಅರ್ಥವಾಗಲಿಲ್ಲ. "ನೋಡಿದೆ ಅಂತ ನೀನೇ ಹೇಳಿದ್ದಲ್ಲ," ಎಂದಳು.

"ಅವತ್ತು ಅವನು ಕುಡಿದಿದ್ದ. ಕೆಲಸದ ಹೊತ್ತಲ್ಲಿ. ಬಾಟಲಿ ನನ್ನದೇ. ಹಿಂದಿನ ದಿನ ನಾನೇ ಕೊಟ್ಟಿದ್ದೆ. ದೊಡ್ಡ ಎಂಜಿನಿಯರು ತಪಾಸಣೆಗೆ ಬರೋರಿದ್ದರು. ಇವನು ನೋಡಿದ್ರೆ ಕೊಳವೆ ತಬ್ಬಿಕೊಂಡು ಹಾಡು ಹೇಳ್ತಿದ್ದಾನೆ." ಅವನು ನಿಂತು ಉಸಿರೆಳೆದ. "ಎಳ್ಕೊಂಡು ಹೋಗಿ ಹಿಂದಿನ ಡೆಕ್ಕಿಗೆ ಬಿಟ್ಟೆ. ಗಾಳಿಗೆ ಇಳೀಲಿ ಅಂತ. ಕಬ್ಬಿಣದ ಬಾಗಿಲು. ಒಳಗಿಂದ ಚಿಲಕ ಹಾಕಿದೆ."

"ಹೊರಗೆ ಹೇಗಿತ್ತು ಕಡಲು?"

"ಕೆಟ್ಟದಾಗಿತ್ತು."

ಮೇಲೆ ಯಾರೋ ಎಲೆ ಬಡಿದು ಗೆದ್ದರು, ಎಲ್ಲರೂ ಹೋ ಎಂದರು. ರೋನಾಳ ದನಿ ತಾನಾಗಿ ಇಳಿಯಿತು. ಬದುಕಿನಲ್ಲೇ ಅತಿ ಕೆಟ್ಟ ಮಾತುಗಳನ್ನು ಅವಳು ಗುಟ್ಟು ಹೇಳುವವಳ ಹಾಗೆ ಪಿಸುಗುಟ್ಟಬೇಕಾಯಿತು.

"ಬಾಗಿಲು ಬಡಿದನಾ?"

ಡೂಗಲ್ ಹೌದೆಂದು ತಲೆಯಾಡಿಸಿದ. "ಮೊದಲು ನಗ್ತಾ ಬಡಿದ. ಹೆಸರು ಹಿಡಿದು ಬೈದ. ಆಮೇಲೂ ಸ್ವಲ್ಪ ಹೊತ್ತು ಬಡಿದ. ನಾನು ಕೆಳಗೆ ಹೋದೆ. ಕೆಳಗೆ ಏನೂ ಕೇಳಿಸಲ್ಲ."

"ಎಷ್ಟು ಹೊತ್ತು?"

"ನಲವತ್ತು ನಿಮಿಷ. ತಪಾಸಣೆ ಮುಗಿಸಿ ಬಂದು ತೆಗೆದೆ. ಇರಲಿಲ್ಲ."

"ಓಡಿಹೋಗಿ ಕೂಗಿದೆಯಲ್ಲ?"

"ಕೂಗಿದೆ. ಈಗ ತಾನೇ ಬಿದ್ದ, ನಾನು ನೋಡಿದೆ ಅಂತ ಕೂಗಿದೆ. ಬಾಗಿಲು ಹಾಕಿದ್ದು ಹೇಳಬೇಕಾಗುತ್ತಲ್ಲ ಅಂತ." ಅವನ ತುಟಿ ನೀಲಿಯಾಗಿತ್ತು. "ಹಡಗು ತಿರುಗಿಸಿದರು. ಒಂದು ಮೈಲಿ ಸುತ್ತಲೂ ಹುಡುಕಿದರು. ನಲವತ್ತು ನಿಮಿಷಕ್ಕೆ ನಾವು ಹತ್ತು ಮೈಲಿ ಮುಂದೆ ಬಂದಿದ್ವಿ ರೋನಾ. ಅವನು ಎಷ್ಟು ಹಿಂದೆ ಬಿದ್ದಿದ್ದ ಅಂತ ದೇವರಿಗೇ ಗೊತ್ತು. ಅಲ್ಲಿಗೆ ಯಾರೂ ಹೋಗಲೇ ಇಲ್ಲ. ನಾನು ಡೆಕ್ಕಿನ ಕಂಬಿ ಹಿಡ್ಕೊಂಡು ನಿಂತಿದ್ದೆ. ಬಾಯಿ ಬಿಟ್ಟಿದ್ರೆ ಆಗ್ತಿತ್ತು."

ಹಡಗು ಅದುರುತ್ತಲೇ ಇತ್ತು.

"ಅಮ್ಮ ನಿನ್ನ ಕೈ ಹಿಡ್ಕೊಳ್ತಿದ್ದಳು," ಎಂದಳು.

"ಹೌದು."

"ಸಾಯೋ ದಿನಾನೂ ಹಿಡ್ಕೊಂಡಿದ್ದಳು. ನೀನು ಕೈ ಕೊಟ್ಟುಕೊಂಡು ಕೂತಿದ್ದೆ."

"ಹೌದು."

"ಇದನ್ನ ಹೇಳೋಕೆ ಈ ಕೋಣೆ ಕೇಳಿದ್ಯಾ?"

"ಮನೇಲಿ ಬಾಯಿ ಬರಲಿಲ್ಲ. ಈ ನೀರು ಕಂಡ್ರೆ ಬರಬಹುದು ಅಂದ್ಕೊಂಡೆ."

ರೋನಾ ಎದ್ದಳು. ಅವನ ಕಂಬಳಿ ಜಾರಿತ್ತು, ಅದನ್ನು ಸರಿ ಮಾಡಲು ಕೈ ಮುಂದೆ ಹೋಯಿತು. ನಲವತ್ಮೂರು ವರ್ಷದ ರೂಢಿ. ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಚೀಲ ತೆಗೆದುಕೊಂಡು ಹೊರಗೆ ಹೋದಳು.

ಕೋಣೆಗಳ ನಡುವಿನ ಆ ಉದ್ದನೆಯ ಓಣಿಯಲ್ಲಿ ಅವಳು ಎಷ್ಟು ಹೊತ್ತು ನಡೆದಳೋ. ಎರಡೂ ಕಡೆ ಒಂದೇ ಬಗೆಯ ಬಾಗಿಲುಗಳು. ಯಾವ ಬಾಗಿಲಿಗಾದರೂ ಯಾರಾದರೂ ಕೈಯಲ್ಲಿ ಬಡಿದರೆ ಕಿರುಚಿಬಿಡುತ್ತೇನೆ ಎನ್ನಿಸಿತು. ಸ್ವಾಗತದ ಮೇಜಿನ ಬಳಿ ಹೋಗಿ ಬೇರೆ ಕೋಣೆ ಬೇಕು ಎಂದಳು.

"ಅಲ್ಲಿ ಅದುರುತ್ತೆ ಅಲ್ವಾ ಮೇಡಂ? ತುಂಬ ಜನ ಹೇಳ್ತಾರೆ," ಎಂದಳು ಅಲ್ಲಿದ್ದ ಹುಡುಗಿ ಮುಗುಳ್ನಗುತ್ತ. "ಹಡಗು ತುಂಬಿದೆ. ಐದನೇ ಅಂತಸ್ತಲ್ಲಿ, ಮಧ್ಯದಲ್ಲಿ ಒಂದು ಒಳಕೋಣೆ ಇದೆ. ಕಿಟಕಿ ಇಲ್ಲ. ನಿಮ್ಮಿಬ್ಬರಿಗೆ ಇಕ್ಕಟ್ಟಾಗಬಹುದು."

"ಒಬ್ಬಳಿಗೇ," ಎಂದಳು ರೋನಾ.

ವಯಾನ್ ಅವಳ ಬಟ್ಟೆಗಳನ್ನು ತಂದುಕೊಟ್ಟ. ಆ ಕೋಣೆ ಅಲುಗಲಿಲ್ಲ, ಸದ್ದಿಲ್ಲ, ಬೆಳಕಿಲ್ಲ. ರೋನಾ ಹನ್ನೊಂದು ಗಂಟೆ ಕಾಲ ಎಚ್ಚರವಿಲ್ಲದೆ ಮಲಗಿದಳು. ಎದ್ದಾಗ ಮೈ ಹಗುರಾಗಿತ್ತು. ಅಂಥ ಮಾತು ಕೇಳಿದ ಮೇಲೂ ತನಗೆ ಇಷ್ಟು ಚೆನ್ನಾಗಿ ನಿದ್ದೆ ಬಂತಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು.

ಹಡಗು ವೀಗೊ ಮುಟ್ಟಿತು, ಜನ ಇಳಿದು ಊರು ನೋಡಿ ಬಂದರು, ಹಡಗು ಹೊರಟಿತು. ಅವಳು ಇಳಿಯಲೂ ಇಲ್ಲ, ಹಿಂಬದಿಗೆ ಹೋಗಲೂ ಇಲ್ಲ. ಚಹಾ ಕುಡಿಯುವ ಹಾಲಿನ ಮೂಲೆಯಲ್ಲಿ ಕೂತು, ಹಳೆಯದನ್ನೆಲ್ಲ ಒಂದೊಂದಾಗಿ ತೆಗೆದು ತಿರುಗಿಸಿ ನೋಡಿದಳು. ಅಕ್ಟೋಬರ್ ಹತ್ತೊಂಬತ್ತರಂದು ಅವನಿಗೆ ಬೀಳುತ್ತಿದ್ದ ಕೆಲಸಗಳು. ಮೊರ್ವೆನ್ ಮನೆಗೆ ಬಂದರೆ ಶೆಡ್ಡಿಗೆ ಹೋಗಿ ಕೂರುತ್ತಿದ್ದುದು. ಐಲೀನ್ ಐದು ವರ್ಷದವಳಿದ್ದಾಗ ಆಟಕ್ಕೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ತೆಗೆಯಲು ಬಾರದೆ ಬಡಿದಾಗ, ಇವನು ಬೆಳ್ಳಗಾಗಿ ಬಾಗಿಲನ್ನೇ ಒಡೆದುಹಾಕಿದ್ದು. ಅವತ್ತು ಅವಳು ನಕ್ಕಿದ್ದಳು. "ಒಂದು ಬಾಗಿಲು ತೆಗೆಯೋಕೆ ಬರದ ಎಂಜಿನಿಯರ್!" ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಐದನೇ ದಿನ ಬೆಳಿಗ್ಗೆ ವಯಾನ್ ಹುಡುಕಿಕೊಂಡು ಬಂದ. ಕೈಯಲ್ಲಿ ಮಸಿ ಹಿಡಿದ ಬಟ್ಟೆ ಇತ್ತು.

"ಮೇಡಂ, ಸರ್ ಎರಡು ದಿನದಿಂದ ಊಟ ಮುಟ್ಟಿಲ್ಲ. ಹೊರಗೇ ಕೂತಿದ್ದಾರೆ. ಇವತ್ತು ಗಾಳಿ ತಿರುಗಿದೆ, ಹೊಗೆಯೆಲ್ಲ ಅವರ ಮೇಲೇ ಬರ್ತಿದೆ. ಡಾಕ್ಟರನ್ನ ಕರೀಲಾ ಅಂದ್ರೆ ಬೈತಾರೆ."

"ಏನಂತ ಬೈತಾನೆ?"

ವಯಾನ್ ಸಂಕೋಚಪಟ್ಟ. "ನಿನ್ನ ಕುರ್ಚಿ ನೀನು ಒರೆಸ್ಕೋ ಅಂತಾರೆ."

ರೋನಾ ಸ್ವಾಗತದ ಮೇಜಿಗೆ ಹೋಗಿ ಹಡಗಿನ ಹೆಸರಿದ್ದ ಕಾಗದ, ಒಂದು ಪೆನ್ನು ಕೇಳಿ ತೆಗೆದುಕೊಂಡಳು. ಆಮೇಲೆ ಆ ಓಣಿಯನ್ನು ಕೊನೆಯ ತನಕ ನಡೆದಳು.

ಡೂಗಲ್ ಎರಡೇ ದಿನದಲ್ಲಿ ಕುಗ್ಗಿಹೋಗಿದ್ದ. ಬಿಳಿ ಗಡ್ಡದ ಕೂಳೆಯಲ್ಲಿ, ಕಣ್ಣಿನ ಮೂಲೆಯಲ್ಲಿ ಮಸಿಯ ಚುಕ್ಕಿಗಳು. ಬದುಕಿಡೀ ಆ ಮುಖವನ್ನು ಅವಳು ಹೀಗೇ ಕಂಡಿದ್ದಳು, ಎಂಜಿನ್ ಕೋಣೆಯಿಂದ ನೇರ ಮನೆಗೆ ಬಂದವನ ಹಾಗೆ. ಅವಳು ಅವನ ಕಂಕುಳಿಗೆ ಕೈಹಾಕಿ ಎಬ್ಬಿಸಿ ಒಳಗೆ ಕೂರಿಸಿದಳು. ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದಳು. ಒರೆಸುವಾಗ ಅವನು ಅವಳ ಮುಂಗೈ ಹಿಡಿಯಲು ಬಂದ.

"ಬೇಡ," ಎಂದಳು. "ಅದಕ್ಕೆ ಬಂದಿಲ್ಲ ನಾನು. ಬರಿ."

"ಏನು?"

"ಅವತ್ತಿನದು. ನಿಜವಾದ ಗಂಟೆ ಹಾಕಿ ಬರಿ. ಲಾಗ್ ಪುಸ್ತಕದಲ್ಲಿ ಬರೀತಿದ್ದ ಹಾಗೆ. ಅಳೋದು ಕರೆಯೋದು ಏನೂ ಬೇಡ ಅದರಲ್ಲಿ."

"ಯಾರಿಗೆ?"

"ಮೊರ್ವೆನ್‌ಗೆ."

ಅವನು ಪೆನ್ನು ತೆಗೆದುಕೊಂಡ. ಮೇಜು ಅದುರುತ್ತಿತ್ತು, ಅಕ್ಷರ ಸೊಟ್ಟಗಾಗುತ್ತಿತ್ತು. ರೋನಾ ಕಾಗದದ ಅಂಚನ್ನು ಒತ್ತಿ ಹಿಡಿದಳು. ಅವನು ನಿಲ್ಲಿಸಿ ನಿಲ್ಲಿಸಿ ಬರೆದ.

"19 ಅಕ್ಟೋಬರ್ 1978. ಮಧ್ಯಾಹ್ನ 3-10: ಫರ್ಗಸ್ ಮೆಕ್ವಾರಿಯನ್ನು ಹಿಂಬದಿಯ ಡೆಕ್ಕಿಗೆ ಹಾಕಿ ಬಾಗಿಲ ಚಿಲಕ ಹಾಕಿದೆ. 3-50: ತೆಗೆದೆ. ಇರಲಿಲ್ಲ. 3-55: ಈಗ ತಾನೇ ಬಿದ್ದ ಎಂದು ಕ್ಯಾಪ್ಟನ್ನಿಗೆ ಸುಳ್ಳು ಹೇಳಿದೆ. ಹುಡುಕಿದ ಜಾಗ ತಪ್ಪು. ತಪ್ಪೆಂದು ನನಗೊಬ್ಬನಿಗೇ ಗೊತ್ತಿತ್ತು. ಡಿ. ಗಿಲ್‌ಕ್ರಿಸ್ಟ್, ಮೂರನೇ ಎಂಜಿನಿಯರ್."

"ಬಾಟಲಿ?" ಎಂದಳು ರೋನಾ.

ಅವನು ಮತ್ತೊಂದು ಸಾಲು ಸೇರಿಸಿದ. "ಬಾಟಲಿ ನನ್ನದು."

ಅವಳು ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ಆಮೇಲೆ ಡಾಕ್ಟರನ್ನು ಕರೆಸಿದಳು. ಹಡಗಿನ ಡಾಕ್ಟರು ಬಂದು ಎದೆ ಪರೀಕ್ಷಿಸಿ, ಅವಳನ್ನು ಹೊರಗೆ ಕರೆದುಕೊಂಡು ಹೋಗಿ, ಲಿಸ್ಬನ್ನಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸುವುದೇ ಒಳ್ಳೆಯದು ಎಂದರು. ಡೂಗಲ್ ಒಳಗಿನಿಂದಲೇ ಬೇಡ ಎಂದ. ರೋನಾ ಒತ್ತಾಯ ಮಾಡಲಿಲ್ಲ. ಕರುಣೆಯಿಂದ ಸುಮ್ಮನಾದಳೋ ಸಿಟ್ಟಿನಿಂದಲೋ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಳು.

ಒಳಕೋಣೆಯನ್ನು ಬಿಟ್ಟು ಬಂದಳು. ಊಟ ಮಾಡಿಸಿದಳು, ಬಟ್ಟೆ ಬದಲಿಸಿದಳು, ನಳಿಕೆ ಸರಿ ಮಾಡಿದಳು. ಲಿಸ್ಬನ್ ದಾಟಿ ಹಡಗು ಉತ್ತರಕ್ಕೆ ತಿರುಗಿದ ಮೇಲೆ ಒಂದು ಮಧ್ಯಾಹ್ನ ಅವನು ಕೇಳಿದ.

"ನನ್ನ ಬೂದೀನ ಬಿಸ್ಕೆಗೆ ಹಾಕ್ತೀರಾ? ಐಲೀನ್‌ಗೆ ಹೇಳಿದ್ದೆ ಮೊದಲೇ."

ರೋನಾ ಸೂಪಿನ ಚಮಚ ಕೆಳಗಿಟ್ಟಳು.

"ಇಲ್ಲ."

"ರೋನಾ—"

"ಅಲ್ಲಿ ಅವನಿದ್ದಾನೆ. ಅವನ ಹತ್ತಿರ ನಿನ್ನನ್ನ ಕಳಿಸಲ್ಲ ನಾನು. ನಿನ್ನನ್ನ ಗ್ರೀನಕ್ಕಿನ ಮಣ್ಣಲ್ಲಿ ಹೂಳ್ತೀನಿ. ಗುಡ್ಡದ ಮೇಲೆ."

ಅವನು ಕಣ್ಣು ಮುಚ್ಚಿಕೊಂಡ. "ಸರಿ," ಎಂದ. "ಅದೂ ಸರಿನೇ."

ಮರುದಿನ, ಅದೇ ಕೊಲ್ಲಿಯಲ್ಲಿ, ಊಟದ ಹೊತ್ತಿಗೆ ಅವನ ಉಸಿರು ಕೆಟ್ಟಿತು. ಅವಳು ಗುಂಡಿ ಒತ್ತಿ ಡಾಕ್ಟರನ್ನು ಕರೆದು, ಅವರು ಆ ಉದ್ದನೆಯ ಓಣಿಯನ್ನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಯಲ್ಲಿ ಡೂಗಲ್ ಕಣ್ಣಗಲಿಸಿ ಅವಳ ಕಡೆ ಕೈ ಚಾಚಿದ. ರೋನಾ ಹಿಡಿದುಕೊಂಡಳು. ಅದನ್ನು ಕ್ಷಮೆ ಎಂದುಕೊಂಡು ಹೋದನೋ ಏನೋ, ಗೊತ್ತಿಲ್ಲ. ಮುಳುಗುವವನು ಕೈ ಚಾಚಿದರೆ ಹಿಡಿಯಬೇಕು ಎಂದಷ್ಟೇ ಆ ಕ್ಷಣಕ್ಕೆ ಅವಳಿಗೆ ತೋರಿದ್ದು.

ಹಡಗಿನ ತಳದಲ್ಲಿ ಹೆಣವಿಡಲು ತಣ್ಣನೆಯ ಸಣ್ಣ ಕೋಣೆಯೊಂದು ಇರುತ್ತದೆ. ಅವನನ್ನು ಅಲ್ಲಿಗೆ ಇಳಿಸಿದರು. ಎಂಜಿನ್ ಕೋಣೆಯ ಪಕ್ಕದಲ್ಲೇ ಎಂದು ವಯಾನ್ ಹೇಳಿದ, ಅವಳಿಗೆ ಸಮಾಧಾನವಾಗಲಿ ಎಂದು. ಅಧಿಕಾರಿಯೊಬ್ಬ ಹೂವು ತಂದು, ನಡುಭಾಗದಲ್ಲಿ ಒಳ್ಳೆಯ ಕೋಣೆ ಕೊಡಿಸುತ್ತೇನೆ ಎಂದ. ಬೇಡ ಎಂದಳು. ಉಳಿದ ಎರಡು ದಿನ ಬಾಲ್ಕನಿಯ ಕುರ್ಚಿಯಲ್ಲಿ ಕೂತು, ಬಿಳಿಯ ಜಾಡು ಅಗಲವಾಗಿ, ತೆಳ್ಳಗಾಗಿ, ಬರೀ ನೀರಾಗುವುದನ್ನು ನೋಡಿದಳು. ಮೇಲಿನ ಲೀಡ್ಸಿನವರು ಸುದ್ದಿ ತಿಳಿದು ಇಸ್ಪೀಟು ನಿಲ್ಲಿಸಿದ್ದರು. ಆಡಲಿ, ಯಾರಾದರೂ ಗಲಾಟೆ ಮಾಡಲಿ ಎಂದು ಅವಳಿಗೆ ಅನ್ನಿಸುತ್ತಿತ್ತು.

ಹೂಳುವ ಕೆಲಸ ಮುಗಿದ ಸಂಜೆ ಐಲೀನ್ ಸಿಟ್ಟು ಮಾಡಿದಳು. "ಅಪ್ಪ ಸಮುದ್ರ ಅಂತ ಬಾಯಿಬಿಟ್ಟು ಕೇಳಿದ್ರು. ಒಂದು ಮಾತು ನಡೆಸಿಕೊಡೋಕೆ ಆಗಲಿಲ್ವಾ ನಿನಗೆ?"

ರೋನಾ ಕಾಗದ ಕೊಟ್ಟಳು. ಐಲೀನ್ ನಿಂತೇ ಓದಿದಳು, ಆಮೇಲೆ ಕೂತು ಇನ್ನೊಮ್ಮೆ ಓದಿದಳು.

"ಇದನ್ನ ಸುಟ್ಟುಬಿಡು ಅಮ್ಮಾ," ಎಂದಳು ಕೊನೆಗೆ. "ಮೊರ್ವೆನ್ ಆಂಟಿಗೆ ಕೊಡಬೇಡ. ಯಾರಿಗೆ ಏನು ಸಿಗುತ್ತೆ ಇದರಿಂದ? ಅವರು ಹೇಗೋ ಬದುಕಿಕೊಂಡಿದ್ದಾರೆ."

"ಗಂಟೆ ತಪ್ಪು ಹೇಳಿದ್ದರಿಂದ ಅವತ್ತು ಎಲ್ಲರೂ ಇಲ್ಲದ ಕಡೆ ಹುಡುಕಿದರು. ನಾನೂ ತಪ್ಪೇ ಹೇಳಲಾ?"

"ಅದು ಬೇರೆ, ಇದು ಬೇರೆ."

"ಬೇರೆ ಇರಬಹುದು. ನನಗೆ ಗೊತ್ತಾಗ್ತಿಲ್ಲ," ಎಂದಳು ರೋನಾ. ಆದರೂ ಮರುದಿನ ಬಸ್ಸು ಹಿಡಿದು ಗೂರಕ್ಕಿಗೆ ಹೋದಳು.

ಮೊರ್ವೆನ್ ಚಹಾ ಇಟ್ಟು, ಡೂಗಲನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ, ಕನ್ನಡಕ ಹಾಕಿಕೊಂಡು ಕಾಗದ ಬಿಡಿಸಿದಳು. ಅಷ್ಟು ಚಿಕ್ಕ ಬರಹವನ್ನು ಓದಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬೀದಿಯಲ್ಲಿ ಯಾರೋ ಕಾರು ತೊಳೆಯುತ್ತಿದ್ದರು, ನೀರಿನ ಸದ್ದು ಕೇಳುತ್ತಿತ್ತು.

"ಬಿದ್ದ ಮೇಲೆ ಎಷ್ಟು ಹೊತ್ತು ಜೀವ ಇದ್ದಿರಬಹುದು?" ಎಂದು ಕೇಳಿದಳು, ತಲೆ ಎತ್ತದೆ.

"ಗೊತ್ತಿಲ್ಲ."

"ಈಜು ಚೆನ್ನಾಗಿ ಬರ್ತಿತ್ತು ಅವನಿಗೆ."

"ಬರ್ತಿತ್ತು."

"ಹಡಗು ತಿರುಗಿ ಬರುತ್ತೆ ಅಂತ ಕಾದಿರ್ತಾನೆ."

ಮೊರ್ವೆನ್ ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿದಳು. "ನಿನಗೆ ಯಾವತ್ತಿಂದ ಗೊತ್ತು?"

"ಎರಡು ವಾರ. ನನ್ನಾಣೆ."

"ನಂಬ್ತೀನಿ. ಆದ್ರೂ ಈಗ ಹೋಗು ರೋನಾ. ಕಾಗದ ನನ್ನ ಹತ್ತಿರ ಇರಲಿ."

ಅಕ್ಟೋಬರ್ ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು.

"ಹತ್ತೊಂಬತ್ತಕ್ಕೆ ನೀನು ಬರೋ ವಿಷಯ," ಎಂದಳು ಮೊರ್ವೆನ್.

"ಬರ್ತೀನಿ. ಯಾವತ್ತಿನ ಹಾಗೇ. ಹೂವು ನಾನೇ ತರ್ಲಾ?"

"ಬರಬೇಡ ಅಂತ ಹೇಳೋಕೆ ಫೋನ್ ಮಾಡಿದೆ," ಎಂದಳು ಮೊರ್ವೆನ್. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ತಪ್ಪಲ್ಲ ಅಂತ ಗೊತ್ತು ನನಗೆ. ಆದ್ರೆ ನಿನ್ನ ಮುಖ ಕಂಡ್ರೆ ಆ ಬಾಗಿಲು ಕಾಣುತ್ತೆ. ಈ ವರ್ಷ ನಾನೊಬ್ಬಳೇ ಹೋಗ್ತೀನಿ. ಮುಂದಿನ ವರ್ಷದ್ದು ನೋಡೋಣ."

"ಆಯ್ತು," ಎಂದಳು ರೋನಾ.

ಫೋನ್ ಇಟ್ಟ ಮೇಲೂ ಅವಳು ಅದರ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು. ಒಲೆಯ ಮೇಲೆ ನೀರು ಕುದಿದು ಉಕ್ಕುವ ತನಕ.